ಹೆಗಲ ಮೇಲಿನ ಕೈ

ಅಕ್ಕಲಕೋಟ ಬಸ್ ನಿಲ್ದಾಣದಲ್ಲಿ, ಸೊಲ್ಲಾಪುರದ ಬಸ್ಸುಗಳು ನಿಲ್ಲುವ ಕಡೆ, ಕಲ್ಲಿನ ಬೆಂಚಿನ ಹಿಂದೆ, ಬೇರೆ ಕೆಲಸಕ್ಕೆಂದು ಬಂದಿದ್ದ ನಾನು ಊರಿಗೆ ಮರಳಲು ನಿಂತಿದ್ದೆ. ಈ ವರ್ಷದ ಸಂಕ್ರಾಂತಿಗೆ ಮುಂಚಿನ ಸೋಮವಾರ, ಮಧ್ಯಾಹ್ನ. ಅಲ್ಲಿ ನೆರಳಿತ್ತು. ಹಾಗಾಗಿ ಬೆಂಚಿನ ಮೇಲೆ ಕೂತವನ ಫೋನು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಆಮೇಲೆ ಎಲ್ಲರೂ ನನ್ನನ್ನು ಕೇಳಿದ್ದು ಇದನ್ನೇ.

ಅವನು ಕ್ರಿಕೆಟ್ ನೋಡುತ್ತಿದ್ದ. ನಡುವೆ ಒಂದು ಜಾಹೀರಾತು ಬಂತು. ಅದರಲ್ಲಿ ನನ್ನ ಅಕ್ಕ ಇದ್ದಳು.

ಅಕ್ಕನೇ, ಸಂಶಯವಿಲ್ಲ. ಆದರೆ ಹಣೆಯ ಮೇಲೆ ದೊಡ್ಡ ಕುಂಕುಮ, ಕೊರಳಲ್ಲಿ ಮಂಗಳಸೂತ್ರ, ಕೈತುಂಬ ಹಸಿರು ಬಳೆ. ಅಕ್ಕನ ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಚಿತ್ರದ ಅಂಚಿನಿಂದ ಗಂಡಸಿನ ಕೈಯೊಂದು ಬಂದು ಅವಳ ಹೆಗಲ ಮೇಲೆ ಕೂತಿತ್ತು. ಕೈಯಿತ್ತು, ಮನುಷ್ಯ ಇರಲಿಲ್ಲ. ಕೆಳಗೆ ಮರಾಠಿಯಲ್ಲಿ, ಎರಡನೇ ಮದುವೆಗೆ ಜೋಡಿ ಇಲ್ಲಿ ಹುಡುಕಿರಿ ಎಂದು ಬರೆದಿತ್ತು. ಅವನು ಬೆರಳಿನಿಂದ ಅದನ್ನು ಸರಿಸಿದ. ಬಸ್ಸು ಬಂತು, ಹತ್ತಿ ಹೋದ. ನಾನು ಹತ್ತಲಿಲ್ಲ.

ಆ ಫೋಟೊ ನನಗೆ ಗೊತ್ತಿತ್ತು. ಭಾವುಬೀಜದ ದಿನ ಅಕ್ಕನ ಮನೆಯ ಪಡಸಾಲೆಯಲ್ಲಿ ತೆಗೆದದ್ದು. ದೀಪಾವಳಿಯ ಆ ದಿನ ಅಕ್ಕ ನನಗೆ ಆರತಿ ಬೆಳಗುತ್ತಾಳೆ, ನಾನು ಸೊಲ್ಲಾಪುರದಿಂದ ಸೀರೆ ಒಯ್ಯುತ್ತೇನೆ. ಆರತಿ ಮುಗಿದ ಮೇಲೆ, ಕಾಲೇಜಿಗೆ ಹೋಗುವ ಅಕ್ಕನ ಮಗಳು ನಮ್ಮಿಬ್ಬರನ್ನೂ ಒತ್ತಟ್ಟಿಗೆ ಕೂಡಿಸಿ ಫೋನು ಹಿಡಿದಳು.

"ಮಾಮಾ, ಅವ್ವನ ಹೆಗಲ ಮ್ಯಾಲ ಕೈ ಇಡ್ರಿ. ಸಾಲ್ಯಾಗ ಮಾಸ್ತರ ಮುಂದ ಕೂತಂಗ ಕೂಡಬ್ಯಾಡ್ರಿ."

ಇಟ್ಟೆ. ಆಗ ಫೋಟೊದಲ್ಲಿರುವವರಿಗೆ ಹಳೆಯ ಕಾಲದ ಸೀರೆ ಉಡಿಸುವ ಒಂದು ಆ್ಯಪ್ ಎಲ್ಲರ ಫೋನಿನಲ್ಲೂ ಇತ್ತು. ಹುಡುಗಿ ನಮ್ಮ ಫೋಟೊವನ್ನು ಅದಕ್ಕೆ ಹಾಕಿ, ಮಾಮನನ್ನು ತೆಗೆದು ಅವ್ವನನ್ನಷ್ಟೇ ಇಡು ಎಂದು ಬರೆದಳು. ಅಕ್ಕ ಮದುಮಗಳಂತಾಗಿ ಬಂದಳು. ಕುಂಕುಮ, ಬಳೆ ಬೇಕೆಂದು ಯಾರೂ ಕೇಳಿರಲಿಲ್ಲ. ನನ್ನನ್ನು ಒರೆಸಿದ್ದರೂ ಕೈ ಅಲ್ಲೇ ಉಳಿದಿತ್ತು.

"ನೋಡವ್ವಾ, ಮಾಮಾ ಸೊಲ್ಲಾಪುರಕ್ಕ ಹೋದ್ರೂ ಕೈ ಇಲ್ಲೇ ಬಿಟ್ಟು ಹೋಗ್ಯಾರ," ಎಂದು ಹುಡುಗಿ ನಕ್ಕಳು.

ಅಕ್ಕನೂ ನಕ್ಕಳು. ಆಮೇಲೆ ಫೋನನ್ನು ಕಣ್ಣಿನ ಹತ್ತಿರ ತಂದು ನೋಡಿದಳು. "ಅಳಸ ಇದನ್ನ. ನನ್ನ ಮುಂದ ಅಳಸ."

ಹುಡುಗಿ ಅಳಿಸಿದಳು. ಅಷ್ಟಾದರೂ ಅಕ್ಕ ಎದ್ದು ಹೋಗಲಿಲ್ಲವೆಂದು ಮೂಲ ಫೋಟೊವನ್ನೂ ಅಳಿಸಿದಳು, ಆ್ಯಪನ್ನೂ ತೆಗೆದುಹಾಕಿದಳು. ಅಲ್ಲಿಗೆ ಅದು ಹೋಯಿತೆಂದುಕೊಂಡೆವು. ಅದು ಹೋದದ್ದು ನಮ್ಮ ಫೋನಿನಿಂದ ಮಾತ್ರ. ಆ್ಯಪಿನವರಿಂದ ಮದುವೆಯ ಜಾಹೀರಾತಿನವರಿಗೆ ಹೇಗೆ ದಾಟಿತೋ ಇವತ್ತಿಗೂ ನಮಗೆ ಗೊತ್ತಿಲ್ಲ.

ಬಸ್ ನಿಲ್ದಾಣದಿಂದ ನಡೆದೇ ಅಕ್ಕನ ಮನೆಗೆ ಹೋದೆ. ಮನೆಯ ಮುಂಭಾಗದಲ್ಲಿ ಅವರ ಚಾದರ, ಟಾವೆಲ್ಲಿನ ಅಂಗಡಿ. ಗಂಡ ಹೋದ ವರ್ಷವೆಲ್ಲ ಅಕ್ಕ ಒಳಕೋಣೆಯಿಂದ ಹೊರಗೆ ಬಂದವಳಲ್ಲ. ಆಮೇಲೆ ಒಂದು ದಿನ, ಅಂಗಡಿಯಲ್ಲಿ ಭಾವ ಕೂರುತ್ತಿದ್ದ ಗಾದಿಯ ಮೇಲೆ ಬಂದು ಕೂತಳು. ಊರಿನ ಸ್ವಾಮಿಗಳ ಗುಡಿಗೆ ದರ್ಶನಕ್ಕೆ ಬಂದವರಿಗೆ ಚಾದರ ಬಿಚ್ಚಿ ತೋರಿಸುತ್ತ, ಮರಾಠಿ ಕನ್ನಡ ಎರಡರಲ್ಲೂ ಚೌಕಾಸಿ ಮಾಡುತ್ತ ಅವಳು ಚೇತರಿಸಿಕೊಂಡದ್ದು ಆ ಗಾದಿಯ ಮೇಲೆಯೇ. ಅವತ್ತು ಅಲ್ಲಿ ಅವಳ ಗಂಡನ ಅಣ್ಣ ಕೂತಿದ್ದರು. ಹುಡುಗಿ ಅವರನ್ನು ದೊಡ್ಡಪ್ಪ ಎನ್ನುತ್ತಾಳೆ, ನಾನೂ ಇಲ್ಲಿ ಹಾಗೇ ಬರೆಯುತ್ತೇನೆ. ಅಕ್ಕ ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದಳು.

ಬೆಳಿಗ್ಗೆಯೇ ಹತ್ತಿರದ ದುಧನಿ ಊರಿನ ವ್ಯಾಪಾರಿಯೊಬ್ಬ ಆ ಜಾಹೀರಾತಿನ ಚಿತ್ರವನ್ನು ದೊಡ್ಡಪ್ಪನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದ. ಇನ್ನು ಅಂಗಡಿಗೆ ಬರುವುದು ಬೇಡ ಎಂದು ಅವರು ಅಕ್ಕನಿಗೆ ಹೇಳಿಬಿಟ್ಟಿದ್ದರು.

"ಲಗ್ನ ಆಗೂದಿದ್ರ ಆಗಲಿ, ನಾ ಅಡ್ಡ ಬರಾಂವಲ್ಲ," ಎಂದರು ನನಗೆ, ದನಿ ಏರಿಸದೆ. "ಆದ್ರ ಮನ್ಯಾಗ ಹೇಳಲಾರದ ಊರಿಗೆಲ್ಲಾ ತೋರಸೂದಾ? ಈ ಕೈ ಯಾರದ್ರಿ?"

"ನಂದ್ರಿ."

ಬಲಗೈ ಚಾಚಿದೆ. ಹರೆಯದಲ್ಲಿ ಮಗ್ಗಕ್ಕೆ ಸಿಕ್ಕು ನನ್ನ ನಡುಬೆರಳಿನ ತುದಿ ಹೋಗಿದೆ. ಅವರು ಫೋನನ್ನು ನನ್ನ ಕೈಯ ಪಕ್ಕ ಹಿಡಿದರು. ಹೆಗಲ ಮೇಲೆ ಕಾಣುವ ಬೆರಳುಗಳೆಲ್ಲ ಪೂರ್ತಿ ಇದ್ದವು. ನಡುಬೆರಳಿಗೆ ಚಂದದ ಉಗುರೂ ಇತ್ತು.

"ಬೆರಳು ಮತ್ತ ಚಿಗತೇತೇನ್ರಿ ಬೀಗರ?"

ಅದು ನನ್ನದೇ ಕೈ, ಆದರೆ ನನ್ನ ಗುರುತನ್ನು ಅದರಿಂದ ತೆಗೆದಿದ್ದರು. ತೋರಿಸೋಣವೆಂದರೆ ಮೂಲ ಫೋಟೊವನ್ನು ನಾವೇ ಅಳಿಸಿದ್ದೆವು.

ಸಂಜೆ ಹುಡುಗಿ ಕಾಲೇಜಿನಿಂದ ಬಂದಳು. ಎಲ್ಲ ಕೇಳಿ, "ಅವ್ವಾ, ಮಾಮಾನ ಕೂಡ ಇನ್ನೊಮ್ಮಿ ಹಂಗ ಕೂಡು. ಅದ ಆ್ಯಪಿಗಿ ಹಾಕಿ ತೋರಸ್ತೀನಿ," ಎಂದಳು.

ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದಳು. "ನನ್ನ ಮಾರಿ ಇನ್ನೊಮ್ಮಿ ಅದಕ್ಕ ಕೊಡಾಂಗಿಲ್ಲ. ಗಾದಿ ಹೋದ್ರ ಹೋಗಲಿ."

"ಹಂಗಾರ ನನ್ನ ಕೈದಷ್ಟ ಫೋಟೊ ತಗಿ," ಎಂದೆ.

ಹುಡುಗಿ ಅಂಗಡಿಯ ಹಳೆಯ ಫೋನು ತಂದಳು. ಅದರಲ್ಲಿ ಬೇರೆ ಯಾವ ಫೋಟೊವೂ ಇರಲಿಲ್ಲ. ಆ್ಯಪ್ ಇಳಿಸಿಕೊಂಡಾಗ ಅದು, ಫೋನಿನಲ್ಲಿರುವ ಎಲ್ಲ ಫೋಟೊ ನೋಡಬಹುದೇ ಎಂದು ಕೇಳಿತು. ಹುಡುಗಿಯ ಬೆರಳು ಅಲ್ಲಿ ತಡೆದು ನಿಂತಿತು.

"ಅವತ್ತ ನಾ ಹೂಂ ಅಂದಿದ್ದೆ, ಮಾಮಾ. ಅವ್ವನ ಆಧಾರ ಕಾರ್ಡು, ಪಾಸಬುಕ್ಕು, ಎಲ್ಲಾದರ ಫೋಟೊ ನನ್ನ ಫೋನಿನಾಗ ಇದ್ದೂ."

ಈ ಸಲ ಬೇಡವೆಂದು ಒತ್ತಿದಳು. ಬಿಳಿ ಟಾವೆಲ್ಲಿನ ಮೇಲೆ ನಾನು ಕೈ ಇಟ್ಟೆ. ತೆಗೆದ ಫೋಟೊವನ್ನು ಮೊದಲು ದೊಡ್ಡಪ್ಪನಿಗೆ ತೋರಿಸಿದಳು. ಮೊಂಡು ಬೆರಳು ಮೊಂಡಾಗಿಯೇ ಇತ್ತು. ನಂತರ ಆ್ಯಪಿಗೆ ಹಾಕಿದಳು. ಬಂದ ಚಿತ್ರದಲ್ಲಿ ಬೆರಳು ಪೂರ್ತಿ ಇತ್ತು, ಉಗುರಿತ್ತು, ಮೇಲೊಂದು ಉಂಗುರವೂ ಇತ್ತು. ಎಷ್ಟೋ ವರ್ಷಗಳ ಹಿಂದೆ ಕಳೆದುಕೊಂಡ ಬೆರಳನ್ನು ಅಲ್ಲಿ ನೋಡಿ, ಟಾವೆಲ್ಲಿನ ಮೇಲಿದ್ದ ಮೊಂಡು ಬೆರಳನ್ನು ಎಡಗೈಯಿಂದ ಮುಟ್ಟಿ ನೋಡಿಕೊಂಡೆ.

ದೊಡ್ಡಪ್ಪನ ತಾಯಿ, ಅಕ್ಕನ ಅತ್ತೆ, ಒಳಗಿನಿಂದ ಬಂದು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಕೇಳಲಾರದ ಉಂಗ್ರಾನೂ ಇಟ್ಟೇತಿ," ಎಂದರು. ಮಗನ ಕಡೆ ತಿರುಗಿ, "ಸೊಸಿಗಿ ಕುಂಕುಮ ಹಚ್ಚಿದ್ದೂ ಇದ. ಮುಂಜಾನಿಂದ ನೀ ಆಕಿನ್ನ ಕೇಳಾಕತ್ತಿ. ಆಕಿ ಏನ್ ಹೇಳ್ಯಾಳು?"

ದೊಡ್ಡಪ್ಪ ನನ್ನ ಕೈಯನ್ನೂ ಫೋನನ್ನೂ ಮತ್ತೊಮ್ಮೆ ನೋಡಿದರು. ಆಮೇಲೆ ಗಾದಿಯಿಂದ ಇಳಿದು ಚಪ್ಪಲಿ ಮೆಟ್ಟಿದರು. "ದುಧನಿಯಂವಗ ನಾ ಫೋನ್ ಮಾಡಿ ಹೇಳ್ತೀನಿ. ಗಿರಾಕಿ ಬರೂ ಹೊತ್ತಾತು, ಬಾರವ್ವಾ."

"ಇವತ್ತ ಬ್ಯಾಡ್ರಿ," ಎಂದಳು ಅಕ್ಕ. "ನಾಳಿ ಬರ್ತೀನಿ."

ಮರುದಿನ ಕೂತಳು. ಇವತ್ತಿಗೂ ಕೂರುತ್ತಾಳೆ. ಸೊಲ್ಲಾಪುರದ ಸೈಬರ್ ಪೊಲೀಸರಿಗೆ ದೂರು ಕೊಟ್ಟೆವು. ಬರೆದುಕೊಂಡಿದ್ದಾರೆ. ಜಾಹೀರಾತು ನಿಂತಿತೋ ಇಲ್ಲವೋ ತಿಳಿಯದು. ಯಾವನಾದರೂ ಗಿರಾಕಿ ಅಕ್ಕನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರೆ ಅವಳು ಬಿಚ್ಚಿದ ಚಾದರವನ್ನು ಹಾಗೇ ಹಿಡಿದು, ಅವನು ಕಣ್ಣು ತೆಗೆಯುವವರೆಗೂ ಅವನನ್ನೇ ನೋಡುತ್ತಾಳೆ.

ನನ್ನ ಬೆರಳು ಫೋನಿನಲ್ಲಿ ಬೆಳೆದದ್ದನ್ನು ನೋಡಿದವರು ಅಕ್ಕ, ಅವಳ ಮಗಳು, ಅವಳ ಅತ್ತೆ, ದೊಡ್ಡಪ್ಪ. ನಾಲ್ವರೂ ಇದ್ದಾರೆ, ಕೇಳಿದರೆ ಹೇಳುತ್ತಾರೆ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದವನೂ ಎಲ್ಲೋ ಇದ್ದಾನು. ಅವನು ನೋಡಿದ್ದು ಕುಂಕುಮ ಹಚ್ಚಿಕೊಂಡ ಒಬ್ಬ ಹೆಂಗಸನ್ನು, ಅವಳ ಹೆಗಲ ಮೇಲೆ ಯಾರದೋ ಕೈಯನ್ನು. ಅದು ತಮ್ಮನ ಕೈ ಎಂದು ಅವನಿಗೆ ಹೇಳಿದವರಿಲ್ಲ.