ಫೈಲಕಾ ದ್ವೀಪದ ಖಾಲಾ

ಕಳೆದ ವಾರ ಇಲ್ಲಿ ಕುವೈತಿನ ಅಬ್ಬಾಸಿಯಾದ ತರಕಾರಿ ಅಂಗಡಿಗೆ ಎಲಚಿ ಹಣ್ಣು ಬಂದಿತ್ತು. ಪೆಟ್ಟಿಗೆಯ ತಳದಲ್ಲಿದ್ದವು ಕಳಿತು ಹುಳಿ ವಾಸನೆ ಬೀರುತ್ತಿದ್ದವು. ಬೆಂಡೆಕಾಯಿ ಆರಿಸುತ್ತಿದ್ದ ನನ್ನ ಕೈ ಹಾಗೇ ನಿಂತಿತು. ಮೈಸೂರಿನಲ್ಲಿ ಬೆಳೆದವಳಿಗೆ ಆ ವಾಸನೆಯಿಂದ ಸ್ಕೂಲಿನ ಗೇಟು ನೆನಪಾಗಬೇಕಿತ್ತು. ನನಗೆ ನೆನಪಾದವರು ಖಾಲಾ…

ಅರಬ್ಬಿಯಲ್ಲಿ ಖಾಲಾ ಎಂದರೆ ತಾಯಿಯ ಒಡಹುಟ್ಟಿದವಳು. ನನಗೇನೂ ನೆಂಟರಲ್ಲ. ಕುವೈತಿನ ಮುದುಕಿ, ನನ್ನ ರೋಗಿ. ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆದ ಮೇಲೆ ನಡೆಯಲು ಕಲಿಸಲೆಂದು ಅವರ ಮಗ ಫಿಸಿಯೋಥೆರಪಿಸ್ಟ್ ಆದ ನನ್ನನ್ನು ಮನೆಗೆ ಕರೆಸುತ್ತಿದ್ದ. ಅಮೃತಶಿಲೆ ಹಾಸಿದ ದೊಡ್ಡ ಮನೆ, ಅದರ ಒಂದು ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ ಖಾಲಾ. "ಯಲ್ಲಾ ಖಾಲಾ, ಏಳಿ" ಎಂದರೆ "ಖಲಾಸ್" ಎನ್ನುವರು. ಮುಗೀತು ಎಂದು ಅರ್ಥ.

ಒಂದು ದಿನ ಅವರ ಮಂಚದ ಪಕ್ಕ ಒಂದು ಬಟ್ಟಲು ಎಲಚಿ ಹಣ್ಣಿತ್ತು. ನಮ್ಮೂರಲ್ಲೂ ಇದು ಸಿಗುತ್ತೆ, ಉಪ್ಪುಖಾರ ಹಾಕಿ ತಿಂತೀವಿ ಎಂದು ನನ್ನ ಹರಕು ಅರಬ್ಬಿಯಲ್ಲಿ ಹೇಳಿದೆ. ಖಾಲಾ ನನ್ನ ಕಡೆಗೆ ಹೊರಳಿದರು.

"ನಮ್ಮ ಅಂಗಳದಲ್ಲೂ ಇತ್ತು. ಇಲ್ಲಲ್ಲ, ಫೈಲಕಾದಲ್ಲಿ."

ಕುವೈತ್ ಕೊಲ್ಲಿಯ ಬಾಯಲ್ಲಿರುವ ದ್ವೀಪ ಅದು. ಸಿಹಿನೀರಿನ ಬಾವಿಗಳಿದ್ದವಂತೆ, ಮಳೆ ಬಿದ್ದರೆ ಗೋಧಿ ಬಿತ್ತುತ್ತಿದ್ದರಂತೆ. ಇರಾಕಿನ ಸೈನ್ಯ ಬಂದ ವರ್ಷ ಊರಿಗೆ ಊರನ್ನೇ ದೋಣಿಗೆ ತುಂಬಿ ಈ ದಡಕ್ಕೆ ಕಳಿಸಿತು. ರೊಟ್ಟಿಗೆ ಕಲಸಿದ್ದ ಹಿಟ್ಟು ಹಾಗೇ ಉಳಿಯಿತು. ಯುದ್ಧ ಮುಗಿದಾಗ ದ್ವೀಪದ ಮಣ್ಣಿನ ತುಂಬ ನೆಲಬಾಂಬುಗಳಿದ್ದವು. ಅವನ್ನು ತೆಗೆಯುವಷ್ಟರಲ್ಲಿ ಜನಕ್ಕೆ ಈ ದಡದಲ್ಲಿ ಮನೆಗಳು ಸಿಕ್ಕಿದ್ದವು. ವಾಪಸ್ ಬಾಳುವೆ ಮಾಡಲು ಯಾರೂ ಹೋಗಲಿಲ್ಲ. ಖಾಲಾ ಒಮ್ಮೆ ನೋಡಲೂ ಹೋಗಿರಲಿಲ್ಲ. ಅವರ ಮೊದಲ ಮಗು, ಇನ್ನೂ ಹಾಲು ಕುಡಿಯುತ್ತಿದ್ದ ಹೆಣ್ಣುಮಗು, ಅಲ್ಲಿಯೇ ಮಣ್ಣಾಗಿತ್ತು. ಹೆಸರಿನ ಕಲ್ಲಿಲ್ಲ. ಅಂಗಳದ ಮರ, ಹಿತ್ತಿಲ ಗೋಡೆಯ ಮೂಲೆ, ಅದರಾಚೆ ಸಮುದ್ರದ ಕಡೆಗೆ… ಅದೇ ಗುರುತು.

"ಅಲ್ಲಿಗೆ ನಡೆಯೋ ಹಾಗೆ ಮಾಡ್ತೀಯಾ?" ಎಂದರು.

"ಮಾಡ್ತೀನಿ" ಎಂದೆ.

ಆಮೇಲೆ ಆ ಹೆಂಗಸು ಹಲ್ಲು ಕಚ್ಚಿ ನಡೆದದ್ದನ್ನು ನಾನು ಹೇಗೆ ಹೇಳಲಿ. ನೋವಿಗೆ ಕಣ್ಣಲ್ಲಿ ನೀರು ಬಂದರೂ ನಾನು "ಸಾಕು" ಎಂದರೆ ನನ್ನನ್ನೇ ಗದರುತ್ತಿದ್ದರು. ಮಗನಿಗೆ ಇಷ್ಟವಿರಲಿಲ್ಲ. "ಏನಿದೆ ಯುಮ್ಮಾ ಅಲ್ಲಿ? ಕಲ್ಲು, ಧೂಳು" ಎನ್ನುತ್ತಿದ್ದ. ಆದರೂ ಚಳಿಗಾಲದ ಒಂದು ಶುಕ್ರವಾರ ನಮ್ಮಿಬ್ಬರನ್ನೂ ದೋಣಿ ಹತ್ತಿಸಿದ. ಖಾಲಾ ಹೊಸ ಅಬಾಯಾ ತೊಟ್ಟು, ಅತ್ತರು ಹಚ್ಚಿಕೊಂಡಿದ್ದರು.

ದ್ವೀಪದಲ್ಲಿ ಗ್ರೀಕರು ಎರಡು ಸಾವಿರ ವರ್ಷಗಳ ಹಿಂದೆ ಕಟ್ಟಿದ ಗುಡಿಯ ಪಾಯಕ್ಕೆ ಬೇಲಿಯಿತ್ತು, ಬೋರ್ಡಿತ್ತು. ಖಾಲಾ ಅವರ ಬೀದಿಯಲ್ಲಿ ಗುಂಡಿನ ತೂತುಗಳಿದ್ದ ಗೋಡೆಗಳಿದ್ದವು. ಅವರ ಮನೆಯ ಮುಂಭಾಗವಷ್ಟೇ ನಿಂತಿತ್ತು. ಮರವಿಲ್ಲ. ಹಿತ್ತಿಲ ಗೋಡೆಯೂ ಇಲ್ಲ. ಆಚೆಗೆ ಬರೀ ಮರಳು, ಉಪ್ಪುಗಿಡಗಳ ಪೊದೆ.

"ಇಲ್ಲಿ" ಎಂದರು ಖಾಲಾ. ಕೋಲೂರಿ ನಾಲ್ಕು ಹೆಜ್ಜೆ ಹೋಗಿ, "ಅಲ್ಲ, ಇಲ್ಲಿ." ಮತ್ತೆ ಹಿಂದಕ್ಕೆ ಬಂದರು. ಎಲ್ಲಿ ನಿಂತು ಕೈಯೆತ್ತಿ ಪ್ರಾರ್ಥಿಸಬೇಕೆಂದೇ ಅವರಿಗೆ ತಿಳಿಯಲಿಲ್ಲ. ಮಗ ಸಮುದ್ರದ ಕಡೆ ತಿರುಗಿ ನಿಂತುಬಿಟ್ಟ.

ಅಷ್ಟರಲ್ಲಿ ಪ್ರವಾಸಿಗರ ಗುಂಪೊಂದು ಬಂತು. ಯುದ್ಧದ ನಂತರ ಜನ ಈ ದ್ವೀಪವನ್ನು ಬಿಟ್ಟು ಹೋದರು ಎಂದು ಗೈಡು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದ. ಏನಂತಾನೆ ಎಂದು ಖಾಲಾ ಕೇಳಿದರು. ಹೇಳಿದೆ.

"ಬಿಟ್ಟು ಹೋಗ್ಲಿಲ್ಲಪ್ಪಾ!" ಖಾಲಾ ಅವನ ಕಡೆ ಕೋಲೆತ್ತಿ ಅರಬ್ಬಿಯಲ್ಲಿ ಕೂಗಿದರು. "ಹೊರಗೆ ಹಾಕಿದ್ರು!"

ಗುಂಪಿನ ಒಬ್ಬಾಕೆಗೆ ಏನನ್ನಿಸಿತೋ, ಆ ಗೋಡೆಯ ಮುಂದೆ ನಿಂತ ಖಾಲಾ ಅವರ ಫೋಟೋ ತೆಗೆದು, ಥ್ಯಾಂಕ್ಯೂ ಎಂದು ಕೈಬೀಸಿ ಹೋದಳು.

ಮರುವಾರ ನಾನು ಹೋದಾಗ ಖಾಲಾ ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಮೂಳೆ ಕೂಡಿತ್ತು, ಕಾಲಲ್ಲಿ ಶಕ್ತಿಯಿತ್ತು. ಏಳಿ ಎಂದೆ. ಬೇಡಿಕೊಂಡೆ.

"ಇನ್ನು ನಡೆದು ಎಲ್ಲಿಗೆ ಹೋಗ್ಲಿ ಮಗಳೇ?"

ಖಾಲಾ ಬೇಸಗೆಗೆ ಮೊದಲೇ ತೀರಿಕೊಂಡರು. ಈ ದಡದಲ್ಲೇ ಮಣ್ಣು ಮಾಡಿದರು. ಮಾತಾಡಿಸಲು ಹೋದಾಗ ಮಗ, "ಸಾಯೋ ಮೊದಲು ಅದೊಂದನ್ನ ನೋಡಿದಳಲ್ಲ, ಅಲ್ಹಮ್ದುಲಿಲ್ಲಾಹ್" ಎಂದ. ತಾಯಿಗೆ ಒಳ್ಳೆಯದನ್ನೇ ಮಾಡಿದೆನೆಂಬ ನೆಮ್ಮದಿ ಅವನ ಮುಖದಲ್ಲಿತ್ತು. ನಾನು ಹೌದೆಂದು ತಲೆಯಾಡಿಸಿದೆ. ಅದನ್ನು ನೋಡದೇ ಹೋಗಿದ್ದರೆ ಇನ್ನೂ ನಾಲ್ಕು ವರ್ಷ ಬದುಕುತ್ತಿದ್ದರು.

ಮೊನ್ನೆ ನಮ್ಮ ಕನ್ನಡದ ಗೆಳತಿಯೊಬ್ಬರ ಫೋನು ಬಂತು. ಬರುವ ಶುಕ್ರವಾರ ಹತ್ತಿಪ್ಪತ್ತು ಸಂಸಾರಗಳು ಸೇರಿ ಫೈಲಕಾಗೆ ಪಿಕ್ನಿಕ್ ಹೋಗುವುದಂತೆ.

"ಬೋಟ್ ಬುಕ್ ಆಗಿದೆ ಕಣ್ರೀ. ಮಕ್ಕಳಿಗೆ ಹಿಸ್ಟರಿನೂ ತೋರಿಸ್ದಂಗೆ ಆಗತ್ತೆ. ಬಿಸಿಬೇಳೆಭಾತ್ ನಮ್ಮದು. ನೀವು ಮೊಸರನ್ನ ತನ್ನಿ."

ನಾನು ಬರಲ್ಲ ಎಂದೆ. ಯಾಕೆ ಎಂದರು.

"ಅಲ್ಲಿ ನನಗೆ ಗೊತ್ತಿದ್ದವರ ಮನೆ ಇದೆ."

"ಅಯ್ಯೋ, ಇನ್ನೂ ಒಳ್ಳೇದೇ ಆಯ್ತಲ್ಲ! ಊಟಕ್ಕೆ ಅವರನ್ನೂ ಕರೀರಿ."