ಬಸುರಿ ಮನೆಯ ದೋಣಿ

ನಮ್ಮ ಮನೆಯ ಮೇಲೆ ಒಂದು ದೋಣಿ ಇದೆ. ಹೈಸ್ಕೂಲಿನಲ್ಲಿ ಇಷ್ಟು ಹೇಳಿ ನಾನು ಸುಮ್ಮನಾಗಿಬಿಡುತ್ತಿದ್ದೆ. ಉಳಿದದ್ದನ್ನು ಕ್ಲಾಸಿನ ಹುಡುಗಿಯರೇ ಸೇರಿಸಿಕೊಳ್ಳುತ್ತಿದ್ದರು. ಭದ್ರಾ ಹೊಳೆ ಉಕ್ಕಿ ಓಲ್ಡ್ ಟೌನಿಗೆ ನುಗ್ಗಿದರೆ ಇವಳ ಮನೆಯವರು ಮಾತ್ರ ಬದುಕಿಕೊಳ್ಳುತ್ತಾರೆ, ಅದಕ್ಕೇ ಇವಳಿಗೆ ಇಷ್ಟು ಜಂಬ ಅಂತ. ಒಬ್ಬಳಂತೂ ದೋಣಿಯಲ್ಲಿ ತನಗೊಂದು ಸೀಟು ಇರಲಿ ಎಂದು ಮಳೆಗಾಲ ಮುಗಿಯುವ ತನಕ ನನಗೆ ನೆಲ್ಲಿಕಾಯಿ ತಂದುಕೊಟ್ಟಳು.

ಅದು ತಗಡಿನ ದೋಣಿ. ನಮ್ಮದು ಹೆಂಚಿನ ಮನೆ. ಮುಂದಿನ ಭಾಗಕ್ಕೊಂದು ಮಾಡು, ಅಡುಗೆಮನೆಯ ಕಡೆಗೆ ಇನ್ನೊಂದು ಮಾಡು. ಎರಡರ ಇಳಿಜಾರೂ ಬಂದು ಕೂಡುವ ಸಂದಿನಲ್ಲಿ ಮಳೆನೀರು ಹರಿದುಹೋಗಲಿ ಎಂದು ಉದ್ದಕ್ಕೆ ತಗಡು ಮಡಚಿ ಕೂರಿಸಿದ್ದಾರೆ. ಅದರ ಬಾಯಿ ಹಿತ್ತಲ ಕಡೆಗಿದೆ. ನೀರು ಅಲ್ಲಿಂದ ಚರಂಡಿಗೆ ಬೀಳಬೇಕು. ಬೀಳಬೇಕು, ಅಷ್ಟೆ. ಪಕ್ಕದ ಮನೆಯ ಬೇವಿನ ಮರ ತನ್ನ ಎಲೆಯನ್ನೆಲ್ಲ ನಮ್ಮ ದೋಣಿಗೇ ಸುರಿಯುತ್ತದೆ. ಒಂದೇ ಒಂದು ಎಲೆಯನ್ನು ತನ್ನ ಯಜಮಾನರ ಅಂಗಳಕ್ಕೆ ಹಾಕಿದ್ದು ನಾನು ಕಂಡಿಲ್ಲ. ಎಲೆ, ಧೂಳು, ಕಾಗೆ ಕಚ್ಚಿಕೊಂಡು ಬಂದ ಮೂಳೆ, ಹುಡುಗರ ಟೆನಿಸ್ ಬಾಲು ಎಲ್ಲ ಸೇರಿ ಬೇಸಿಗೆ ಮುಗಿಯುವಷ್ಟರಲ್ಲಿ ಅಲ್ಲೊಂದು ಗದ್ದೆಯೇ ತಯಾರಾಗಿರುತ್ತದೆ. ಒಂದು ವರ್ಷ ಅದರಲ್ಲಿ ಟೊಮೆಟೊ ಗಿಡ ಹುಟ್ಟಿ ಕಾಯಿ ಬಿಟ್ಟಿತ್ತು. ಆ ಟೊಮೆಟೊದ ಸಾರಿನಲ್ಲಿ ಇಡೀ ಬೀದಿ ಊಟ ಮಾಡಿತು ಅಂತಲೂ ನಾನು ಹೇಳಿಕೊಂಡು ತಿರುಗಿದ್ದೇನೆ. ಕಾಯಿ ಬಿಟ್ಟದ್ದಂತೂ ನಿಜ.

ಆ ದೋಣಿಯ ನೇರ ಕೆಳಗೆ ನಡುಕೋಣೆ. ನಾನು ಹೇಳಹೊರಟದ್ದು ಆ ಕೋಣೆಯ ವಿಷಯ.

ಹೋದ ವರ್ಷದ ಬೇಸಿಗೆಯಲ್ಲಿ ಅಕ್ಕ ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ, ರಿಸಲ್ಟು ಬರುವ ತನಕ ನಾನೇ ಊರಿಗೆ ಬುದ್ಧಿವಂತೆ ಎಂದು ಕಾಲು ಚಾಚಿ ಕೂತಿದ್ದ ದಿನಗಳು. ಅಮ್ಮ ಮಾತ್ರ ಕೂತದ್ದೇ ಇಲ್ಲ. ನಡುಕೋಣೆಯ ಅಕ್ಕಿ ಮೂಟೆ, ಹಳೇ ಟ್ರಂಕು, ನನ್ನ ಪುಸ್ತಕ, ಅಪ್ಪನ ಸೈಕಲ್ ಪಂಪು ಎಲ್ಲ ಹೊರಬಿದ್ದವು. ಕೋಣೆಗೆ ಸಗಣಿ ಸಾರಿಸಿ, ಹೊಗೆ ಹಾಕಿ, ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿದಳು. ಹಳೇ ವಾಯಲ್ ಸೀರೆಗಳನ್ನು ಹರಿದು ಮಗುವಿನ ಬಟ್ಟೆ ಮಾಡಿ ಅಟ್ಟದ ಮೇಲೆ ಜೋಡಿಸಿದಳು. ಆ ರಾಶಿ ನೋಡಿದರೆ ಭದ್ರಾವತಿಯಲ್ಲಿ ಹುಟ್ಟುವ ಅಷ್ಟೂ ಮಕ್ಕಳಿಗೆ ಸಾಕು ಅನ್ನಿಸುತ್ತಿತ್ತು.

ಅಮ್ಮನ ಎರಡು ಬಾಣಂತನಗಳೂ ನಡೆದದ್ದು ಗಂಡನ ಮನೆಯಲ್ಲಿ, ಅಂದರೆ ಇದೇ ಮನೆಯಲ್ಲಿ, ಅಪ್ಪನ ತಾಯಿಯಾದ ನಮ್ಮ ಅಜ್ಜಿಯ ಕೈಯಲ್ಲಿ. ಅಮ್ಮನ ತಾಯಿ ಅಷ್ಟು ಹೊತ್ತಿಗಾಗಲೇ ತೀರಿಕೊಂಡಿದ್ದರು. ತವರಿನ ಬಾಣಂತನ ಅಂದರೆ ಏನು ಅಂತ ಅಮ್ಮನಿಗೆ ಬರೀ ಕೇಳಿ ಗೊತ್ತು. ಮಗಳಿಗೆ ಅದನ್ನು ತಾನೇ ಮಾಡಿ ನೋಡಬೇಕಿತ್ತು.

ಸೀಮಂತದ ದಿನವೇ ಇದರ ಮೇಲೆ ಮಾತಾಗಿತ್ತು. ಅಕ್ಕನ ಅತ್ತೆಯದು ಶಿವಮೊಗ್ಗದ ವಿನೋಬನಗರದಲ್ಲಿ ಹೊಸ ತಾರಸಿ ಮನೆ. ಅವರು ಎಲೆ ಅಡಿಕೆ ಕೊಡುತ್ತಲೇ ಶುರು ಮಾಡಿದರು.

"ಹೆರಿಗೆ ಸರಿಯಾಗಿ ಮಳೆಗಾಲಕ್ಕೆ ಬಿತ್ತಲ್ಲ ಬೀಗ್ರೇ. ನಿಮ್ದು ಹೆಂಚಿನ ಮನೆ, ಥಂಡಿ. ನಮ್ಮಲ್ಲಿ ಗೀಸರ್ ಇದೆ, ತಿರುಗ್ಸಿದ್ರೆ ಬಿಸ್ನೀರು. ಬಾಣಂತನ ನಮ್ಮಲ್ಲೇ ಆಗ್ಲಿ ಬಿಡಿ."

"ಚೊಚ್ಚಲದ್ದು ತವರಲ್ಲೇ ಚೆಂದ," ಅಂದಳು ಅಮ್ಮ. "ನಮ್ಮ ಕೋಣೆ ಬೆಚ್ಚಗಿರತ್ತೆ. ಒಂದು ಹನಿ ಬಿದ್ರೆ ನೀವೇ ಬಂದು ಕರ್ಕೊಂಡು ಹೋಗಿ."

ಅಮ್ಮ ಯಾವತ್ತೂ ಅಷ್ಟು ಧೈರ್ಯವಾಗಿ ಮಾತಾಡಿದವಳಲ್ಲ. ನಾನು ಹೆಮ್ಮೆಯಿಂದ ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಅಮ್ಮನ ಧೈರ್ಯಕ್ಕೆ ಕಾರಣ ದೋಣಿಯವನು. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಶಿವಮೊಗ್ಗ, ಭದ್ರಾವತಿ ಎರಡೂ ಊರಿನ ಹೆಂಚಿನ ಮನೆಗಳನ್ನು ಸುತ್ತಿ ದೋಣಿಯ ಕಸ ಬಳಿದುಕೊಡುವುದೇ ಅವನ ಕಸುಬು. ಕಾರ್ಖಾನೆ ಕಡೆಯ ತಮಿಳಿನವನು. ಬಿದಿರಿನ ಏಣಿಯನ್ನು ಮೊಪೆಡ್ಡಿಗೆ ಅಡ್ಡ ಕಟ್ಟಿಕೊಂಡು ಬಂದನೆಂದರೆ ಬಸ್ಸುಗಳೂ ಪಕ್ಕಕ್ಕೆ ಸರಿದು ಮರ್ಯಾದೆ ಕೊಡುತ್ತಿದ್ದವು. ಮೊಪೆಡ್ಡಿನ ಮುಂದೆ ತಗಡಿನ ಬೋರ್ಡು: "ದೋಣಿ ಕ್ಲೀನಿಂಗ್. ಸೋರಿಕೆ ಗ್ಯಾರಂಟಿ." ಇದರ ಅರ್ಥ ತಿರುಗುಮುರುಗಾಗಿದೆ ಅಂತ ನಾನು ಹೇಳಿದ್ದಕ್ಕೆ, "ಓದಿದವ್ರು ನಗ್ತಾರೆ, ಓದ್ದೇ ಇರೋರು ಕರೀತಾರೆ. ನಂಗೆ ಎರಡೂ ಲಾಭ," ಅಂದಿದ್ದ. ಬಾಯಿ ಬಿಟ್ಟರೆ ಬಡಾಯಿ. ಗಾಜನೂರು ಡ್ಯಾಮಿನ ಗೇಟಿಗೆ ಕಸ ಕಟ್ಟಿಕೊಂಡಾಗ ಇಂಜಿನಿಯರುಗಳು ಕಾರು ಕಳಿಸಿ ತನ್ನನ್ನೇ ಕರೆಸಿಕೊಂಡರಂತೆ. ಸುಳ್ಳಿನಲ್ಲಿ ನನಗೆ ಸರಿಸಮ ಅಂತ ನಾನು ಒಪ್ಪಿದ ಒಬ್ಬನೇ ಮನುಷ್ಯ ಅವನು.

ರೋಹಿಣಿ ಮಳೆ ಶುರುವಾಗುವ ಹೊತ್ತಿಗೆ ಸರಿಯಾಗಿ ಬಂದ. ಗೋಡೆಗೆ ಏಣಿ ಒರಗಿಸಿ, ಲುಂಗಿ ಮಡಚಿ ಕಟ್ಟಿ, ಮೊದಲ ಮೆಟ್ಟಿಲಿಗೆ ಕಾಲಿಟ್ಟ. ಅಷ್ಟರಲ್ಲಿ ಅಜ್ಜಿ ಬಂದು ಏಣಿ ಹಿಡಿದುಕೊಂಡರು. ಬೀಳದಿರಲಿ ಅಂತ ಹಿಡಿದರು ಅಂದುಕೊಂಡೆವು.

"ಇಳಿಯೋ ಕೆಳಗೆ. ಬಸುರಿ ಇರೋ ಮನೆ ಇದು. ಮಾಡು ಮುಟ್ಟಂಗಿಲ್ಲ."

ಬಸುರಿ ಇರುವ ಮನೆಯಲ್ಲಿ ಗೂಟ ಹೊಡೆಯಬಾರದು, ಗೋಡೆ ಕೆಡವಬಾರದು, ಮಾಡಿನ ಹೆಂಚು ತೆಗೆಯಬಾರದು. ಮನೆ ರಿಪೇರಿಯೇ ಕೂಡದು. ಇದು ನಮಗೂ ಗೊತ್ತಿದ್ದದ್ದೇ. ಆದರೆ ದೋಣಿಯೂ ಅದರಲ್ಲಿ ಸೇರುತ್ತದೆ ಅಂತ ಯಾರಿಗೂ ಹೊಳೆದಿರಲಿಲ್ಲ.

"ಅತ್ತೆ, ಅವ್ನು ಹೆಂಚು ತೆಗ್ಯಲ್ಲ," ಅಂದಳು ಅಮ್ಮ. "ಕಸ ಗುಡಿಸ್ತಾನೆ ಅಷ್ಟೆ."

ಅಜ್ಜಿ ಸ್ವಲ್ಪ ಯೋಚನೆ ಮಾಡಿದರು. ಗುಡಿಸುವುದಾದರೆ ಪರವಾಗಿಲ್ಲ ಅನ್ನುವ ಕಡೆಗೆ ಅವರ ತಲೆ ಅಲ್ಲಾಡಲು ಶುರುವಾಗಿತ್ತು. ನಾನು ಕಣ್ಣಾರೆ ನೋಡಿದೆ. ಆ ಹೊತ್ತಿನಲ್ಲಿ ದೋಣಿಯವನು ಬಾಯಿ ಮುಚ್ಚಿಕೊಂಡಿದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಬಾಯಿ ಮುಚ್ಚಿಕೊಂಡರೆ ಅವನು ದೋಣಿಯವನೇ ಅಲ್ಲ. ಅಜ್ಜಿಯನ್ನು ಅವನು ತಮಿಳಿನಲ್ಲಿ ಪಾಟಿ ಅಂತಲೇ ಕರೆಯುವುದು.

"ಅಯ್ಯೋ ಪಾಟಿ, ಇದು ರಿಪೇರಿನಾ? ಮನೆಗೆ ಒಂದು ಕ್ಷೌರ ಮಾಡ್ದಂಗೆ. ಬೋಳ್ಸಿ ನುಣ್ಣಗೆ ಮಾಡಿಡ್ತೀನಿ ನೋಡಿ!"

ಅಜ್ಜಿಯ ಕಣ್ಣು ಅಗಲವಾಯಿತು. ಹೆಂಡತಿ ಬಸುರಿ ಅಂತ ನಮ್ಮ ಭಾವ ತಿಂಗಳುಗಟ್ಟಲೆ ಕ್ಷೌರ ಬಿಟ್ಟಿದ್ದರು. ಬ್ಯಾಂಕಿನಲ್ಲಿ ಕೆಲಸ. ಆ ಗಡ್ಡ ನೋಡಿ ಹಳೇ ಗಿರಾಕಿಯೊಬ್ಬರು, ಸ್ವಾಮಿಗಳಿಗೆ ಯಾವ ಮಠ ಅಂತ ಕೇಳಿದ್ದರಂತೆ.

"ಕೇಳಿದ್ರಾ? ಕ್ಷೌರ ಅಂತೆ! ಅಲ್ಲಿ ಅಳಿಯ ಗಡ್ಡ ಬಿಟ್ಕೊಂಡು ಕೂತಿದಾನೆ, ಇಲ್ಲಿ ಮನೆ ಬೋಳಿಸ್ತಾನಂತೆ. ಅವನ ಬಾಯಲ್ಲೇ ಬಂತು. ನಡಿ ಆಚೆ."

"ಪಾಟಿ, ಅದು ಸುಮ್ನೆ ಮಾತಿಗೆ…"

"ಮಾತಿಗೇ ಹೇಳೋದು ನಾನೂ. ನಡಿ."

ಅಪ್ಪ ಅಲ್ಲೇ ಇದ್ದರು. ಆದರೆ ಮನೆಯಲ್ಲಿ ಏನಾದರೂ ತೀರ್ಮಾನ ಮಾಡಬೇಕಾದಾಗೆಲ್ಲ ಅಪ್ಪನ ಸೈಕಲ್ ಚೈನಿಗೆ ಎಣ್ಣೆ ಬೇಕಾಗುತ್ತದೆ. ಅವತ್ತೂ ಬೇಕಾಯಿತು. ನನಗಂತೂ ನಕ್ಕು ನಕ್ಕು ಹೊಟ್ಟೆ ನೋವು. ಅಮ್ಮ ಗೇಟಿನ ತನಕ ದೋಣಿಯವನ ಹಿಂದೆ ಹೋದದ್ದು ನೋಡಿ ನಾನೂ ಹೋದೆ.

"ಹೆರಿಗೆ ಆದ್ಮೇಲೆ ಬರ್ತೀಯೇನೋ?"

"ಮಳೆ ಹಿಡಿದ್ಮೇಲೆ ಹೆಂಚು ಜಾರತ್ತಮ್ಮಾ, ಹತ್ತಕ್ಕಾಗಲ್ಲ. ಬಿಸ್ಲು ಬಿದ್ದಾಗ ನೋಡೋಣ." ಅವನ ಬಡಾಯಿಯೆಲ್ಲ ಇಳಿದಿತ್ತು. "ಒಂದು ಮಾತು. ಕೆಳಗಿಂದ ಕೋಲು ಗೀಲು ಹಾಕಿ ತಿವೀಬೇಡಿ. ಕಸ ಬಾಯಿ ಹತ್ರ ಹೋಗಿ ಗಟ್ಟಿಯಾಗಿ ಕೂತ್ಬಿಡತ್ತೆ."

ಅಮ್ಮ ದಿನಕ್ಕೆ ಹತ್ತು ಸಲ ಮೋಡ ನೋಡತೊಡಗಿದಳು. ಕೊನೆಗೊಂದು ಮಧ್ಯಾಹ್ನ ಬಟ್ಟೆ ಒಣಗಿಸುವ ಬಿದಿರು ಹಿಡಿದು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತಳು. ದೋಣಿಯ ಬಾಯಿಗೆ ಬಿದಿರು ನಿಲುಕುತ್ತಿತ್ತು.

"ಬೇಡಮ್ಮಾ, ಅವ್ನು ಬೇಡ ಅಂದಿದಾನೆ," ಅಂದೆ.

"ಸುಮ್ನಿರೆ ಮಾರಾಯ್ತಿ. ಏನೂ ಮಾಡ್ದೆ ಹೆಂಗೆ ಕೂರ್ಲಿ?"

ಅಜ್ಜಿ ಮೆಟ್ಟಿಲ ಮೇಲೆ ಕೂತು ಅಂಪೈರ್ ಕೆಲಸ ಮಾಡಿದರು. "ತಗಡು ಮುಟ್ಟಬೇಡ. ಹೆಂಚು ಮುಟ್ಟಬೇಡ. ಕಸ ಮಾತ್ರ ಮುಟ್ಟು." ಅಮ್ಮ ತಿವಿದಳು. ದೊಪ್ಪನೆ ಒಂದು ಬುಟ್ಟಿ ಕಪ್ಪು ಕೊಚ್ಚೆ ಬಿದ್ದು ಅವಳ ತಲೆ, ಮುಖ, ಸೀರೆಯೆಲ್ಲ ಬಳಿದುಹೋಯಿತು. ಅಕ್ಕ ಬಾಗಿಲಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಮ್ಮನೂ ನಕ್ಕಳು. ಸಂಜೆ ಸಣ್ಣಗೆ ಮಳೆ ಬಂದಾಗ ದೋಣಿಯ ಬಾಯಿಂದ ಬೆರಳು ದಪ್ಪ ನೀರು ಇಳಿಯಿತು. "ಹರೀತಿದೆ ನೋಡು!" ಅಂತ ಅಮ್ಮ ಕಾಫಿ ಬಿಟ್ಟು ಎದ್ದು ಬಂದು ತೋರಿಸಿದಳು. ಅವತ್ತಿನಷ್ಟು ಖುಷಿಯಾಗಿ ನಾನು ಅವಳನ್ನು ಆಮೇಲೆ ನೋಡಿಲ್ಲ.

ಹೆರಿಗೆ ಆಸ್ಪತ್ರೆಯಲ್ಲಿ ಸುಸೂತ್ರವಾಯಿತು. ಹೆಣ್ಣು ಮಗು. ಮನೆಗೆ ಬಂದ ಮೇಲೆ ಮೊದಲ ಎರಡು ದಿನ ಅಮ್ಮನೇ ಕಾಲು ಚಾಚಿ ಕೂತು, ಕಾಲ ಮೇಲೆ ಮಗು ಮಲಗಿಸಿಕೊಂಡು ನೀರು ಹಾಕಿದಳು. ಮಗು ಇಡೀ ಓಲ್ಡ್ ಟೌನಿಗೆ ಕೇಳುವಂತೆ ಕಿರುಚಿ, ಆಮೇಲೆ ಸಾಂಬ್ರಾಣಿ ಹೊಗೆಯಲ್ಲಿ ಕುಡುಕನ ಹಾಗೆ ನಿದ್ದೆ ಹೋಗುತ್ತಿತ್ತು.

ಮೂರನೆಯ ದಿನ ಬೆಳಗ್ಗೆ ಆರಿದ್ರಾ ಮಳೆ ಹಿಡಿಯಿತು. ಅಂಥಿಂಥ ಮಳೆಯಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ದೋಣಿಯ ಬಾಯಲ್ಲಿ ಒಂದು ತೊಟ್ಟು ನೀರಿಲ್ಲ. ಎರಡೂ ಮಾಡಿನ ನೀರು ದೋಣಿಗೆ ಇಳಿದು, ಹೋಗಲು ದಾರಿಯಿಲ್ಲದೆ ತುಂಬಿ, ಹೆಂಚಿನ ಅಡಿಯಿಂದ ಒಳಕ್ಕೇ ತಿರುಗಿತ್ತು. ಮೊದಲು ಅಟ್ಟದ ಬಟ್ಟೆ ರಾಶಿ ನೆಂದಿತು. ಆಮೇಲೆ ಗೋಡೆಯ ಮಣ್ಣು ಮೆತ್ತಗಾಗಿ ಸುಣ್ಣದ ಸಮೇತ ಚಕ್ಕೆಚಕ್ಕೆಯಾಗಿ ಜಾರತೊಡಗಿತು. ಪಾತ್ರೆ, ಬಕೆಟ್ಟು, ಇಡ್ಲಿ ತಟ್ಟೆ, ಕೊನೆಗೆ ಅಜ್ಜಿಯ ಪೂಜೆಯ ತಂಬಿಗೆಯನ್ನೂ ಇಟ್ಟೆವು. ಮಂಚವನ್ನು ಈ ಮೂಲೆಯಿಂದ ಆ ಮೂಲೆಗೆ ಎಳೆದೆವು. ಹನಿ ನಮ್ಮ ಹಿಂದೆಯೇ ಬಂತು. ನಾನು ಮಂಚ ಹತ್ತಿ ಅಕ್ಕ ಮತ್ತು ಮಗುವಿನ ಮೇಲೆ ಕೊಡೆ ಹಿಡಿದು, ದಸರಾ ಮೆರವಣಿಗೆಯ ಛತ್ರಿಯವಳ ಹಾಗೆ ನಿಂತೆ.

"ಯಾರಾದ್ರೂ ಹತ್ರೋ! ಆ ದೋಣಿಯವನನ್ನ ಕರೀರೋ!" ಅಜ್ಜಿ ಕೂಗಾಡಿದರು. "ಹೆರಿಗೆ ಆಯ್ತಲ್ಲ, ಈಗೇನಡ್ಡಿ? ಬೋಳಿಸ್ಲಿ!"

ಅಪ್ಪ ಮೂಲೆ ಅಂಗಡಿಯ ಕಾಯಿನ್ ಫೋನಿನಿಂದ ವಿಚಾರಿಸಿ ಬಂದರು. ಮಳೆ ನಿಲ್ಲದೆ ಹತ್ತಲಾಗದು ಅಂದನಂತೆ.

ಅದೇ ಹೊತ್ತಿಗೆ ಅಕ್ಕನ ಅತ್ತೆ ಮಗು ನೋಡಲು ವ್ಯಾನು ಮಾಡಿಕೊಂಡು ಬಂದಿಳಿದರು. ಕೋಣೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು. ಸೀಮಂತದ ಮಾತು ತೆಗೆದು ಚುಚ್ಚುತ್ತಾರೆ, ನಾನೂ ಒಂದು ತಿರುಗಿ ಕೊಡೋಣ ಅಂತ ಕೊಡೆಯಡಿಯಲ್ಲೇ ಮಾತು ಮಸೆದುಕೊಂಡೆ. ಅವರು ಚುಚ್ಚಲಿಲ್ಲ. ತಮ್ಮ ಶಾಲು ತೆಗೆದು ಮಗುವಿಗೆ ಸುತ್ತಿದರು.

"ವ್ಯಾನ್ ಇದೆ. ಹೋಗೋಣ್ವಾ ಬೀಗ್ರೇ? ಮಗೂಗೆ ಶೀತ ಆದ್ರೆ ನಿಮಗೇ ಸಂಕಟ."

ಅಮ್ಮ ಹೂಂ ಅಂದಳು. ಒಣಗಿದ್ದ ನಾಲ್ಕು ಬಟ್ಟೆ, ಸಾಂಬ್ರಾಣಿ, ಬೆಳ್ಳುಳ್ಳಿ ಕಟ್ಟಿಕೊಟ್ಟಳು. ವ್ಯಾನು ಬೀದಿ ದಾಟುವ ತನಕ ನಾನು ಕೊಡೆ ಮಡಚಿರಲಿಲ್ಲ. ಅಜ್ಜಿ ದೇವರ ಮುಂದೆ ಕೂತು, "ನಾನು ಒಳ್ಳೇದಕ್ಕೇ ಹೇಳಿದ್ದು," ಅಂತ ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

ಬಿಸಿಲು ಬಿದ್ದ ದಿನ ದೋಣಿಯವನು ಬಂದು ಹತ್ತಿದ. ಬಾಯಿಗೆ ಮೊಣಕೈ ತನಕ ಕೈ ತೂರಿಸಿ ಒಂದು ದಪ್ಪ ಮುದ್ದೆ ಎಳೆದು ಅಂಗಳಕ್ಕೆ ಹಾಕಿದ. "ಯಾರೋ ಕೋಲು ಹಾಕಿದಾರೆ," ಅಂದ.

"ನಾನೇ," ಅಂದಳು ಅಮ್ಮ.

ಅವನು ಮಾಡಿನ ಮೇಲಿಂದಲೇ ಅವಳನ್ನು ನೋಡಿ, "ಬಿಡಮ್ಮಾ, ಎಲ್ಲಾ ಮನೇಲೂ ಹಾಕ್ತಾರೆ," ಅಂದು ಮತ್ತೆ ಬಗ್ಗಿ ಬಳಿಯತೊಡಗಿದ. ಕೋಣೆ ಆರುವುದಕ್ಕೆ ಇಡೀ ಮಳೆಗಾಲ ಹಿಡಿಯಿತು. ಆಮೇಲೂ ಗೋಡೆಯ ಮೇಲೆ ಕಲೆ ಉಳಿಯಿತು.

ಆ ನಡುವೆ ಒಂದು ದಿನ ನಾನೂ ಅಮ್ಮನೂ ಬಸ್ಸಿನಲ್ಲಿ ವಿನೋಬನಗರಕ್ಕೆ ಹೋದೆವು. ಮಗುವಿನ ಸ್ನಾನದ ಹೊತ್ತಿಗೆ ಮುಟ್ಟಬೇಕು ಅಂತ ಅಮ್ಮ ನನ್ನನ್ನು ತಿಂಡಿಯಿಂದ ಅರ್ಧಕ್ಕೇ ಎಬ್ಬಿಸಿದ್ದಳು. ಸರಿಯಾಗಿ ಮುಟ್ಟಿದೆವು. ಅಲ್ಲಿ ಮಗುವಿಗೆ ನೀರು ಹಾಕಲು ಒಬ್ಬ ಹೆಂಗಸನ್ನು ಗೊತ್ತು ಮಾಡಿದ್ದರು. ಅಮ್ಮ ಸೆರಗು ಸಿಕ್ಕಿಸಿಕೊಂಡು ಬಚ್ಚಲ ಕಡೆ ಹೊರಟಳು.

"ಅಯ್ಯೋ, ಬೀಗ್ರು ಬಂದು ಕೆಲ್ಸ ಮಾಡೋದಾ? ಎಲ್ಲಾದ್ರೂ ಉಂಟಾ! ಕೂತ್ಕೊಳಿ, ಕೂತ್ಕೊಳಿ," ಅಂತ ಅಕ್ಕನ ಅತ್ತೆ ಅವಳ ಕೈ ಹಿಡಿದು ಸೋಫಾದ ಮೇಲೆ ಕೂರಿಸಿ, ಫ್ಯಾನು ಹಾಕಿ, ಬೆಳ್ಳಿ ಲೋಟದಲ್ಲಿ ಕಾಫಿ ಕೊಟ್ಟರು. ಅಷ್ಟು ಮರ್ಯಾದೆ ನಮಗೆ ಇನ್ನೆಲ್ಲೂ ಸಿಕ್ಕಿಲ್ಲ. ಮಗು ಒಳಗೆ ಕಿರುಚಿದ್ದು ಕೇಳಿ ಅಮ್ಮ ಎದ್ದಳು. ಎದ್ದವಳು ಲೋಟವನ್ನು ಟೀಪಾಯಿಯ ಮೇಲಿಟ್ಟು ಮತ್ತೆ ಕೂತಳು. ಬಚ್ಚಲ ಬಾಗಿಲಿಗೆ ಹೋಗಿ ನೋಡಿ ಬಂದವಳು ನಾನು.

ವಾಪಸು ಬಸ್ಸಿನಲ್ಲಿ ಊರು ದಾಟಿದ ಮೇಲೆ ಅಮ್ಮ ಕೇಳಿದಳು.

"ನೀರು ಬಿಸಿ ಇತ್ತೇನೆ?"

"ಹೊಗೆ ಆಡ್ತಿತ್ತು."

"ತಲೆಗೆ ಎಣ್ಣೆ ಒತ್ತಿದ್ಲಾ?"

"ಒತ್ತಿದ್ಲು."

"ಅವ್ಳ ಕಾಲು ಗಿಡ್ಡ, ಅಲ್ವಾ?"

ನಾನು ಆ ಹೆಂಗಸಿನ ಕಾಲು ನೋಡಿರಲಿಲ್ಲ. "ಹೂಂ ಅಮ್ಮ, ತೀರಾ ಗಿಡ್ಡ," ಅಂದೆ.

ಅಮ್ಮ ಕಿಟಕಿಯ ಕಡೆ ಮುಖ ಮಾಡಿದಳು. ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಜೋಡಿಸಿ ಮುಂದಿನ ಸೀಟಿನ ಕೆಳಗೆ ನೀಟಾಗಿ ಚಾಚಿದಳು. ಕಂಡಕ್ಟರು ಬಂದು, "ಸ್ವಲ್ಪ ಕಾಲು ತೆಗೀರಿ ಅಕ್ಕಾ," ಅನ್ನುವ ತನಕ ಹಾಗೆಯೇ ಇಟ್ಟುಕೊಂಡಿದ್ದಳು.