ಬರೆ ಹಾಕದ ಕೂಸು

"ಕುರಿ ಕಾಯೋರ ಮನೇಲಿ ಡಾಕ್ಟ್ರು ಹುಟ್ಟಾಕಿಲ್ಲ, ಬುಡು" ಎಂದವಳು ನಮ್ಮ ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ. ನಾನು ಡಾಕ್ಟರಿಕೆ ಓದಲು ಮೈಸೂರಿಗೆ ಹೊರಟ ದಿನ ಬೀದಿಗೆಲ್ಲ ಕೇಳುವಂತೆ ಹೇಳಿದ್ದಳು. ನಮ್ಮ ಮನೆತನದಲ್ಲಿ ಅಕ್ಷರ ಕಲಿತವನು ನಾನೇ ಮೊದಲು. ಹಾಸ್ಟೆಲಿನ ಧರ್ಮದ ಊಟ ಉಂಡು, ಒಮ್ಮೆ ಫೇಲಾಗಿ, ಮತ್ತೆ ಕೂತು ಓದಿದೆ.

ಕೊನೆಯ ವರ್ಷದ ರಜೆಗೆ ಬಡವನಹಳ್ಳಿ ಹತ್ತಿರದ ನಮ್ಮೂರಿಗೆ ಬಂದಾಗ ಅಕ್ಕ ಬಾಣಂತನಕ್ಕೆ ಬಂದು ಮನೆಯಲ್ಲಿದ್ದಳು. ಕೂಸಿಗೆ ಎರಡು ತಿಂಗಳು. ಮನೆಯವರಿಗೆಲ್ಲ ನೆಗಡಿಯಾಗಿತ್ತು, ಅದಕ್ಕೂ ಹತ್ತಿತು. ಮೊದಲು ಬರೀ ಸೀನು. ಆಮೇಲೊಂದು ಬೆಳಿಗ್ಗೆ ಮೊಲೆ ಕಚ್ಚಿ ಕಚ್ಚಿ ಬಿಡತೊಡಗಿತು. ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು, ತುಟಿ ಕಪ್ಪಿಟ್ಟಿತ್ತು.

ನಮ್ಮಲ್ಲಿ ಇದಕ್ಕೆ ಬಾಗಿಲು ಮುಚ್ಚಿ ಸಾಂಬ್ರಾಣಿ ಹೊಗೆ ಹಾಕುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ ಕಾದ ಸೂಜಿಯಿಂದ ಹೊಟ್ಟೆಗೆ ಬರೆ. ನಾನು ಒಳಗೆ ಹೋದಾಗ ಕೋಣೆ ತುಂಬ ಹೊಗೆ. ಕೂಸನ್ನು ಕಂಬಳಿಯಲ್ಲಿ ಬಿಗಿಯಾಗಿ ಸುತ್ತಿದ್ದರು. ದೊಡ್ಡಮ್ಮ ಕೆಂಡದಲ್ಲಿ ಸೂಜಿ ಇಟ್ಟಿದ್ದಳು.

"ಬರೆ ಬ್ಯಾಡ ದೊಡ್ಡಮ್ಮ. ಬಾಗ್ಲು ತೆಗಿ."

"ತೆಗೆದ್ರೆ ಶೀತ ಹೊಡೀತೈತೆ ಕಣ್ಲಾ! ನಿನ್ನ ಉಳಿಸಿದ್ದೂ ಇಂಥ ಸೂಜೀನೇಯ. ಈಗ ದೊರೆ ಅಂಗೆ ಹೇಳಾಕ್ ಬಂದ!"

ಅಕ್ಕ ನನ್ನತ್ತ ನೋಡಿದಳು. "ಲೇ, ಇಂಥ ಕೂಸುಗಳ್ನ ಕಣ್ಣಾರೆ ನೋಡಿದ್ದೀಯಾ, ಇಲ್ಲಾ ಬರೀ ಓದಿದ್ದೀಯಾ?"

"ಆಸ್ಪತ್ರೇಲಿ ನೋಡಿವ್ನಿ. ಒಂದು ಬದುಕ್ತು. ಒಂದು ಹೋಯ್ತು."

ಅವಳು ಕೂಸನ್ನು ನನ್ನ ಕೈಗೆ ಕೊಟ್ಟಳು.

ಬಾಗಿಲು ತೆರೆದು ಹೊರಗೆ ತಂದೆ. ಕಂಬಳಿ ಸಡಿಲಿಸಿ, ನೆಟ್ಟಗೆ ಎತ್ತಿ ಹಿಡಿದು, ಉಪ್ಪುನೀರಲ್ಲಿ ಅದ್ದಿದ ಬಟ್ಟೆಯ ಬತ್ತಿಯಿಂದ ಮೂಗು ಬಿಡಿಸಿದೆ. ತುಟಿಯ ಕಪ್ಪು ಸ್ವಲ್ಪ ತಿಳಿಯಾಯಿತು. ಪಕ್ಕೆ ಸೆಳೆತ ನಿಲ್ಲಲಿಲ್ಲ. ಗಾಡಿ ಕಟ್ಟಿಸಿ ಮಧುಗಿರಿ ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ಅಕ್ಕ ಕೂಸನ್ನು ಎದೆಗೆ ಒರಗಿಸಿಕೊಂಡೇ ಕೂತಿದ್ದಳು. ದೊಡ್ಡಮ್ಮ ಊರಾಚೆಯ ಕೆರೆ ಏರಿಯವರೆಗೂ ಬೈಯುತ್ತಾ ಗಾಡಿಯ ಹಿಂದೆ ಬಂದಳು.

ಅಲ್ಲಿನ ಡಾಕ್ಟರು ಒಂದು ವಾರ ಇರಿಸಿಕೊಂಡರು. ಕೂಸು ಉಳಿಯಿತು. ಬಾಗಿಲು ತೆರೆದದ್ದರಿಂದಲೋ, ಆಸ್ಪತ್ರೆಯಿಂದಲೋ, ಅದರ ಆಯಸ್ಸು ಗಟ್ಟಿಯಿದ್ದದ್ದರಿಂದಲೋ, ನಾನು ಹೇಳಲಾರೆ.

ಮರುವರ್ಷ ಡಾಕ್ಟರಿಕೆಯ ಸರ್ಟಿಫಿಕೇಟು ಸಿಕ್ಕಿತು. ಮೊದಲು ಅಕ್ಕನ ಗಂಡನ ಮನೆಗೇ ಒಯ್ದು ಅವಳ ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು, ಹಿಂದೆ ಮುಂದೆ ತಿರುಗಿಸಿ ನೋಡಿದಳು, ವಾಪಸು ಕೊಟ್ಟಳು.

"ಚೆನ್ನಾಗೈತೆ ಕಣ್ಲಾ, ಎತ್ತಿಡು. ಕೂಸಿಗೆ ಮತ್ತೆ ನೆಗಡಿ ಆಗೈತೆ, ಬಂದು ಎದೆ ನೋಡು."